ಹೋದ ಕರೆಂಟ್ ತಾನಾಗೇ ಬರಬೇಕಲ್ವಾ? ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ತಿಪಟೂರು, ತುರುವೇಕೆರೆ, ಗುಬ್ಬಿ ಅಂತ ನಮ್ಮ ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿ ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ. ತೋಟಗಳ ನಡುವೆ 11 ಕೆವಿ ಲೈನ್ ಎಳೆದ ಮೇಲೆ ಗರಿ ತಾಗೋದು ಇದ್ದದ್ದೇ. ಹೋಗುವುದಕ್ಕೆ ನನ್ನ ತಕರಾರಿಲ್ಲ. ತಾನಾಗೇ ವಾಪಸ್ ಬರುತ್ತಿಲ್ಲ, ಅದಕ್ಕೆ ಈ ಪತ್ರ.

ತೋಟ ನೋಡಿಕೊಳ್ಳಲು ಊರಿಗೆ ಬರುವ ಮೊದಲು ನಾನು ರಿಲೇ (ಲೈನಿನಲ್ಲಿ ಫಾಲ್ಟ್, ಅಂದರೆ ದೋಷ ಕಂಡರೆ ಕರೆಂಟ್ ಕಡಿಯಲು ಆದೇಶ ಕೊಡುವ ಸಾಧನ) ಟೆಸ್ಟಿಂಗ್ ಕೆಲಸದಲ್ಲಿದ್ದೆ. ಸ್ವಲ್ಪ ಕೊರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಂಬದ ಮೇಲಿನ ಲೈನುಗಳಲ್ಲಿ ಆಗುವ ಫಾಲ್ಟ್‌ಗಳಲ್ಲಿ ಬಹುಪಾಲು ಕ್ಷಣಕಾಲದವು. ಗರಿ ತಾಗುತ್ತದೆ, ಸಬ್‌ಸ್ಟೇಷನ್ನಿನ ಬ್ರೇಕರ್ (ದೊಡ್ಡ ಸ್ವಿಚ್) ಟ್ರಿಪ್ ಆಗಿ ಕರೆಂಟ್ ಕಡಿಯುತ್ತದೆ, ಗರಿ ಕೆಳಗೆ ಬೀಳುತ್ತದೆ. ಲೈನಿಗೆ ಏನೂ ಆಗಿರುವುದಿಲ್ಲ. ಇದಕ್ಕೆಂದೇ ರಿಲೇಯಲ್ಲಿ ಆಟೋ ರಿಕ್ಲೋಸ್ ಇದೆ, ಡ್ರಾಯಿಂಗ್‌ನಲ್ಲಿ ಅದರ ನಂಬರ್ 79. ಸ್ವಲ್ಪ ಹೊತ್ತು ಕಾದು ಬ್ರೇಕರನ್ನು ಅದೇ ಹಾಕುತ್ತದೆ. ಫಾಲ್ಟ್ ಹೋಗದಿದ್ದರೆ ಮತ್ತೆ ಟ್ರಿಪ್ ಮಾಡಿ ಕೊನೆಗೆ ಲಾಕೌಟ್ ಆಗುತ್ತದೆ, ಅಂದರೆ ಕೈಯಾರೆ ಹಾಕುವವರೆಗೆ ಹಾಗೇ ಉಳಿಯುತ್ತದೆ.

ನಮ್ಮ ಫೀಡರ್ (ಸಬ್‌ಸ್ಟೇಷನ್ನಿಂದ ನಮ್ಮ ಕಡೆ ಬರುವ ಲೈನ್) ಮೊದಲ ಟ್ರಿಪ್‌ಗೇ ಮಲಗಿಬಿಡುತ್ತದೆ. ಆಪರೇಟರ್ ಕೈಯಾರೆ ಹಾಕಿದರೆ ಮತ್ತೆ ಟ್ರಿಪ್ ಆಗದೆ ಸುಮ್ನೆ ಉಳಿಯುತ್ತದೆ! ಅಂದರೆ ಅಷ್ಟರಲ್ಲಿ ಫಾಲ್ಟ್ ಹೋಗಿತ್ತು ಅಂತ ತಾನೆ?

ಕಾರಣ ರಿಲೇ ತಾನೇ ಬರೆದಿಟ್ಟುಕೊಳ್ಳುವ ಈವೆಂಟ್ ರೆಕಾರ್ಡ್‌ನಲ್ಲೇ ಸಿಗುತ್ತದೆ. ಕ್ಲೋಸ್ ಆದೇಶ (ಬ್ರೇಕರ್ ಹಾಕು ಅನ್ನುವ ಆದೇಶ) ಹೊರಟಿದ್ದೂ ಬ್ರೇಕರ್ ಹಾಕಿಕೊಳ್ಳದಿದ್ದರೆ ಕ್ಲೋಸಿಂಗ್ ಕಾಯಿಲ್, ವೈರಿಂಗ್, ಬ್ಯಾಟರಿಯ ಡಿಸಿ ವೋಲ್ಟೇಜ್ ನೋಡಬೇಕು. ಆದೇಶವೇ ಹೊರಡದಿದ್ದರೆ ಯಾವುದೋ ಒಂದು ತಡೆ ಇದೆ. ಬ್ರೇಕರ್ ಹಾಕುವ ಸ್ಪ್ರಿಂಗ್ ಚಾರ್ಜ್ ಆಗಿದೆ (ಬಿಗಿದು ಸಿದ್ಧವಾಗಿದೆ) ಅನ್ನುವ ಸಿಗ್ನಲ್ ಬರದಿರಬಹುದು. ಬ್ರೇಕರಿನ ಆಕ್ಸಿಲರಿ ಕಾಂಟ್ಯಾಕ್ಟ್ ಕೊಳೆ ಹಿಡಿದು, ಬ್ರೇಕರ್ ಯಾವ ಸ್ಥಿತಿಯಲ್ಲಿದೆ ಅನ್ನುವುದೇ ರಿಲೇಗೆ ತಿಳಿಯದೆ ಹೋಗಬಹುದು. ಎಷ್ಟೋ ಸಲ ಯಾವುದೋ ಕೆಲಸಕ್ಕೆ ಆಫ್ ಮಾಡಿದ ಆಟೋ ರಿಕ್ಲೋಸ್ ಸ್ವಿಚ್ ಹಾಗೇ ಉಳಿದಿರುತ್ತದೆ, ಅಷ್ಟೆ. ಇನ್ನೊಂದಿದೆ. ರಿಕ್ಲೈಮ್ ಟೈಮ್ (ಬ್ರೇಕರ್ ಮತ್ತೆ ಹಾಕಿದ ಮೇಲೆ ರಿಲೇ ಎಣಿಕೆಯನ್ನು ಹೊಸದಾಗಿ ಶುರುಮಾಡಲು ಕಾಯುವ ಸಮಯ) ಜಾಸ್ತಿ ಇಟ್ಟಿದ್ದರೆ, ಬಿರುಗಾಳಿಯಲ್ಲಿ ಎರಡನೇ ಗರಿ ತಾಗಿದಾಗ ರಿಲೇ ಅದನ್ನೂ ಹಳೇ ಫಾಲ್ಟ್ ಎಂದೇ ಎಣಿಸಿ ಬೇಗ ಲಾಕೌಟ್ ಮಾಡುತ್ತದೆ.

ತಾಲ್ಲೂಕಿನ ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆ) ಸಭೆಗೆ ನೀವೇ ಅಧ್ಯಕ್ಷರು. ಅಲ್ಲಿ "ಕರೆಂಟ್ ಯಾಕೆ ಹೋಗುತ್ತೆ" ಅಂತ ಕೇಳಬೇಡಿ, ಮರ ಅಡ್ಡ ಇದೆ ಅಂತಾರೆ, ಕಥೆ ಮುಗೀತು. "ಟ್ರಿಪ್ ಆದಾಗ ಆಟೋ ರಿಕ್ಲೋಸ್ ಯಾಕೆ ಕೆಲಸ ಮಾಡಲಿಲ್ಲ, ಪ್ರತಿ ಫೀಡರಿನ ಈವೆಂಟ್ ರೆಕಾರ್ಡ್ ತನ್ನಿ" ಅನ್ನಿ.

ಹಾಗಂತ ಎಲ್ಲ ಕಡೆ ಆನ್ ಮಾಡಿ ಎಂದು ಆರ್ಡರ್ ಕೊಟ್ಟುಬಿಡಬೇಡಿ. ಪೂರ್ತಿ ನೆಲದಡಿಯ ಕೇಬಲ್ ಇರುವ ಫೀಡರಿಗೆ ಇದು ಸಲ್ಲದು, ಕೇಬಲ್ ಫಾಲ್ಟ್ ತಾನಾಗೇ ವಾಸಿಯಾಗುವಂಥದ್ದಲ್ಲ. ತಂತಿ ಕಡಿದು ಹೊಲದಲ್ಲಿ ಬಿದ್ದಾಗ ಮತ್ತೆ ಕರೆಂಟ್ ಹರಿದರೆ ಜೀವಕ್ಕೇ ಅಪಾಯ. ಅದಕ್ಕೆ, ನೆಲಕ್ಕೆ ಹರಿಯುವ ಸಣ್ಣ ಕರೆಂಟನ್ನೂ ಹಿಡಿಯುವ ಸೆನ್ಸಿಟಿವ್ ಅರ್ಥ್ ಫಾಲ್ಟ್‌ನಲ್ಲಿ ಟ್ರಿಪ್ ಆದರೆ ರಿಕ್ಲೋಸ್ ಬ್ಲಾಕ್ ಆಗುತ್ತದೆಯೇ ಅಂತಲೂ ಟೆಸ್ಟ್ ಮಾಡಿಸಿ, ರಿಪೋರ್ಟನ್ನು ಅದೇ ಸಭೆಯಲ್ಲಿ ಓದಿಸಿ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ತೆಂಗು ಬೆಳೆಗಾರ