ನಳದುರ್ಗದ ಆ ಮೂವತ್ತು ಗಜ

ನಮ್ಮ ಸೀಮೆ 1948ರಲ್ಲಿ ಹೈದರಾಬಾದಿನ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ದಿನ, ಸೆಪ್ಟೆಂಬರ್ 17 ಬಂತೆಂದರೆ ಕಲಬುರಗಿಯಲ್ಲಿ ರಾಷ್ಟ್ರಧ್ವಜ ಏರುತ್ತದೆ, ಸರದಾರ ವಲ್ಲಭಭಾಯಿ ಪಟೇಲರ ಪ್ರತಿಮೆಗೆ ಮಾಲಾರ್ಪಣೆಯಾಗುತ್ತದೆ, ಆ ಬಿಡುಗಡೆಯ ಚಳವಳಿಯ ಮುಂದಾಳು ಸ್ವಾಮಿ ರಮಾನಂದ ತೀರ್ಥರನ್ನೂ ಗಡಿ ಶಿಬಿರಗಳಲ್ಲಿ ಹೋರಾಡಿದ ನಮ್ಮ ಹಿರಿಯರನ್ನೂ ಭಾಷಣಗಳಲ್ಲಿ ನೆನೆಯುತ್ತಾರೆ. ಇವೆಲ್ಲ ಆಗಲೇಬೇಕಾದ ನೆನಕೆಗಳು. ಆದರೆ ಕಲಬುರಗಿಯಲ್ಲಿ ಹುಟ್ಟಿ ಬೆಳೆದು, ಪ್ರತಿ ವರ್ಷ ಶಾಲೆಯ ಅಂಗಳದಲ್ಲಿ ಆ ದಿನವನ್ನು ಆಚರಿಸಿದ ನನಗೆ, ಆ ಬಿಡುಗಡೆಗಾಗಿ ನಡೆದ ಸೇನಾ ಕಾರ್ಯಾಚರಣೆಯ ಮೊದಲ ದಿನವೇ ಪ್ರಾಣ ಕೊಟ್ಟ ಒಬ್ಬ ಕಾಲಾಳು ಯೋಧರ ಹೆಸರು ಗೊತ್ತಾದದ್ದು ದೇಶ ಬಿಟ್ಟು ಬಂದ ಎಷ್ಟೋ ವರ್ಷಗಳ ಮೇಲೆ. ಆ ಹೆಸರು ಹವಾಲ್ದಾರ್ ಬಚಿತ್ತರ್ ಸಿಂಗ್. ಈ ಸಂಚಿಕೆಯ ಸಂಪಾದಕೀಯವನ್ನು ಅವರಿಗೆ ಮೀಸಲಿಡುತ್ತಿದ್ದೇನೆ.

ಪಂಜಾಬಿನ ಹಳ್ಳಿಯೊಂದರಲ್ಲಿ 1917ರಲ್ಲಿ ಹುಟ್ಟಿದ ಬಚಿತ್ತರ್ ಸಿಂಗ್ ಅವರು ಸಿಖ್ ರೆಜಿಮೆಂಟಿನ 2ನೇ ಬೆಟಾಲಿಯನ್ನಿನಲ್ಲಿದ್ದರು. ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ನೇತೃತ್ವದಲ್ಲಿ ಭಾರತೀಯ ಸೇನೆ 1948ರ ಸೆಪ್ಟೆಂಬರ್ 13ರಂದು ಸೋಲಾಪುರದ ಕಡೆಯಿಂದ ನಿಜಾಮರ ಸಂಸ್ಥಾನದ ಗಡಿ ದಾಟಿದಾಗ ಎದುರಾದ ಮೊದಲ ನೆಲೆಯೇ ನಳದುರ್ಗ. ಆಳಂದದಿಂದ ಉಮರ್ಗಾ ಮಾರ್ಗವಾಗಿ ಸೋಲಾಪುರಕ್ಕೆ ಹೋಗುವ ನಮ್ಮವರು ಆ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ಕಂಡಿರುತ್ತಾರೆ. ಬೋರಿ ಹೊಳೆಗೆ ಅಡ್ಡಗಟ್ಟಿ ಆದಿಲಶಾಹಿಗಳು ಕಟ್ಟಿಸಿದ ಪಾನಿ ಮಹಲ್ ನೋಡಲು ಮಳೆಗಾಲದಲ್ಲಿ ಮಕ್ಕಳನ್ನು ಕರೆದೊಯ್ದಿರುತ್ತಾರೆ. ಅಂದು ಅದೇ ಬೋರಿಯ ಸೇತುವೆ ಸೇನೆಗೆ ಮುರಿಯದೆ ಸಿಗಬೇಕಾಗಿತ್ತು, ಸಿಕ್ಕಿತು.

ಬೆಳಗಿನ ಜಾವ 4 ಗಂಟೆಗೆ ಶುರುವಾದ ದಾಳಿಯಲ್ಲಿ ಬಚಿತ್ತರ್ ಸಿಂಗ್ ಅವರು ತಮ್ಮ ತುಕಡಿಯ ಮುಂದಿದ್ದರು. ತಮ್ಮತ್ತ ಬರುತ್ತಿದ್ದ ಎರಡು ವಾಹನಗಳ ಮೇಲೆ ಗುಂಡು ಹಾರಿಸಲು ಆಜ್ಞೆ ಕೊಟ್ಟು, ಆ ಕಡೆಯಿಂದಲೂ ಗುಂಡು ಬರುತ್ತಿದ್ದಂತೆಯೇ ಅವುಗಳ ಮೇಲೆ ನುಗ್ಗಿ, ಕಾವಲಿನವರ ಸಮೇತ ಎರಡನ್ನೂ ವಶಪಡಿಸಿಕೊಂಡರು. ಅದೇ ದಿನ ಮತ್ತೆ, ಎತ್ತರದ ಭದ್ರ ನೆಲೆಯೊಂದರಿಂದ ತುಕಡಿಯ ಮೇಲೆ ಗುಂಡಿನ ಸುರಿಮಳೆಯಾದಾಗ, ಜನರನ್ನು ಮುಂದೆ ಅಟ್ಟದೆ ತಾವೇ ಮುಂದೆ ನಡೆದರು. ಆ ನೆಲೆ ಇನ್ನು ಸುಮಾರು 30 ಗಜ ದೂರವಿದೆ ಎನ್ನುವಾಗ ಮಷೀನ್‌ಗನ್ನಿನ ಗುಂಡುಗಳು ಅವರ ತೊಡೆಗೆ ಹೊಕ್ಕವು. ಬಿದ್ದವರು ತೆವಳುತ್ತಲೇ ಮುಂದೆ ಸಾಗಿ ಎರಡು ಗ್ರೆನೇಡ್‌ಗಳನ್ನು ಎಸೆದು ಆ ಮಷೀನ್‌ಗನ್ನಿನ ಬಾಯಿ ಮುಚ್ಚಿಸಿದರು. ಹಿಂದಕ್ಕೆ ಒಯ್ಯಲು ಬಂದವರಿಗೆ ಬೇಡವೆಂದರು. ಗುರಿ ಕೈಸೇರುವವರೆಗೆ ಬಿದ್ದಲ್ಲಿಂದಲೇ ತಮ್ಮವರನ್ನು ಹುರಿದುಂಬಿಸಿದರು. ಆ ಗಾಯದಿಂದಲೇ ಅವರು ತೀರಿಕೊಂಡರು.

ಮೂವತ್ತು ಗಜವೆಂದರೆ ಎಷ್ಟು? ಕ್ರಿಕೆಟ್ ಪಿಚ್ ಒಂದು ತುದಿಯ ವಿಕೆಟಿನಿಂದ ಇನ್ನೊಂದು ತುದಿಯ ವಿಕೆಟಿಗೆ 22 ಗಜ. ಅದರ ಮೇಲೆ ಇನ್ನು ಎಂಟು ಗಜ. ನಮ್ಮ ಮಕ್ಕಳು ನಾಲ್ಕೈದು ಉಸಿರಿನಲ್ಲಿ ಓಡಿ ಮುಗಿಸುವಷ್ಟು ನೆಲ. ತೊಡೆಯ ಮೂಳೆಯ ಸುತ್ತ ಮಾಂಸ ಹರಿದು ರಕ್ತ ಸುರಿಯುತ್ತಿರುವ ಮನುಷ್ಯ, ಎದುರಿನಿಂದ ಗುಂಡು ಬರುತ್ತಿರುವಾಗ, ಮೊಣಕೈ ಊರಿ ಆ ನೆಲವನ್ನು ಸವೆಸುವುದೆಂದರೆ ಏನೆಂಬುದನ್ನು ನಾನು ಎಷ್ಟೋ ಸಲ ಊಹಿಸಲು ಯತ್ನಿಸಿದ್ದೇನೆ. ಸೆಪ್ಟೆಂಬರಿನಲ್ಲಿ ಆ ಸೀಮೆಯ ಎರೆಮಣ್ಣು ಮಳೆ ಕುಡಿದು ಅಂಟಂಟಾಗಿರುತ್ತದೆ. ಹೊಲದಲ್ಲಿ ನಡೆದವರಿಗೆ ಕಾಲಿಗೆ ಮೆತ್ತಿಕೊಳ್ಳುವ ಅದರ ಭಾರ ಗೊತ್ತು.

1952ರಲ್ಲಿ ಸರ್ಕಾರ ಅಶೋಕ ಚಕ್ರವನ್ನು ಸ್ಥಾಪಿಸಿದಾಗ, ಆ ಪ್ರಶಸ್ತಿಯ ಒಂದನೇ ದರ್ಜೆಯನ್ನು ಮರಣೋತ್ತರವಾಗಿ ಪಡೆದ ಮೊದಲಿಗರು ಬಚಿತ್ತರ್ ಸಿಂಗ್. ಅದೇ ಕಾರ್ಯಾಚರಣೆಯಲ್ಲಿ ತುಂಗಭದ್ರೆಯ ರೈಲ್ವೆ ಸೇತುವೆಯ ಬಳಿ ಗೂರ್ಖಾಗಳ ಬಾಗಿದ ಕತ್ತಿಯಾದ ಖುಕ್ರಿ ಹಿಡಿದು ಮಷೀನ್‌ಗನ್ನಿನ ಮೇಲೆ ಎರಗಿದ ಗೂರ್ಖಾ ರೈಫಲ್ಸ್‌ನ ನಾಯಕ್ ನರಬಹಾದ್ದೂರ್ ಥಾಪಾ ಅವರಿಗೂ ಅದೇ ಗೌರವ ಸಂದಿತು. ಪರಮ ವೀರ ಚಕ್ರವೇಕಿಲ್ಲ ಎಂದು ಕೇಳುವವರಿದ್ದಾರೆ. ಅದು ಯುದ್ಧದ ಪದಕ. ಹೈದರಾಬಾದಿನಲ್ಲಿ ನಡೆದದ್ದನ್ನು ಸರ್ಕಾರ ಯುದ್ಧವೆಂದು ಕರೆಯದೆ ಪೊಲೀಸ್ ಕಾರ್ಯಾಚರಣೆ ಎಂದು ಕರೆಯಿತು. ರಾಜಕಾರಣದ ದೃಷ್ಟಿಯಿಂದ ಆ ಹೆಸರು ಸರಿಯೇ ಇದ್ದೀತು. ಆದರೆ ಆ ಹೆಸರಿನಿಂದಾಗಿಯೇ ನಮ್ಮ ಮನಸ್ಸಿನಲ್ಲಿ ಅದೊಂದು ಸರ್ಕಾರಿ ಕೆಲಸದಂತೆ ಉಳಿದು, ಅಲ್ಲಿ ಸತ್ತವರು ಮರೆಗೆ ಸರಿದರು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನನ್ನ ಅಜ್ಜಿ ಹುಮನಾಬಾದ ಸೀಮೆಯವರು. ಅವರು ಯಾರ ವಯಸ್ಸನ್ನು ಹೇಳಬೇಕಾದರೂ "ಪೊಲೀಸ್ ಆಕ್ಷನ್ ಆದ ವರ್ಷ" ಎಂಬುದನ್ನೇ ಗುರುತಾಗಿಟ್ಟುಕೊಳ್ಳುತ್ತಿದ್ದರು. ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟು, ಬೇಳೆ ಹಿಟ್ಟು ಗಂಟು ಕಟ್ಟಿಕೊಂಡು ಸೋಲಾಪುರದ ಕಡೆ ಹೋದ ಕತೆಯನ್ನು ಹೇಳಿ, ಕೊನೆಗೆ "ಮಿಲಿಟ್ರಿ ಬಂತಂದ ಮ್ಯಾಲ ನಾವು ಊರಿಗಿ ತಿರುಗಿ ಬಂದೇವು" ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ಮಿಲಿಟರಿ ಯಾರು, ಎಲ್ಲಿಯವರು ಎಂದು ನಾವು ಮೊಮ್ಮಕ್ಕಳು ಒಮ್ಮೆಯೂ ಕೇಳಲಿಲ್ಲ. ನಳದುರ್ಗ ದಾಟಿದ ಸೇನೆ ಉಮರ್ಗಾ, ರಾಜೇಶ್ವರ, ಹುಮನಾಬಾದ, ಜಹೀರಾಬಾದಿನ ಹಾದಿಯಲ್ಲಿ ಸಾಗಿತು. 17ರ ಬೆಳಗಿನ ಹೊತ್ತಿಗೆ ಬೀದರನ್ನೂ ಹೊಕ್ಕಿತ್ತು. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಬಲ್ಲವರಿಗೆ ಆ ಹಾದಿಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಯಾಚರಣೆಯ ನಂತರ ಬೀದರ, ಕಲಬುರಗಿ ಜಿಲ್ಲೆಗಳಲ್ಲಿ ನಿರಪರಾಧಿ ಮುಸ್ಲಿಂ ಕುಟುಂಬಗಳ ಮೇಲೆ ನಡೆದ ಹಿಂಸೆಯೂ ಅಷ್ಟೇ ಸತ್ಯ. ಅದನ್ನು ಮುಚ್ಚಿಟ್ಟು ಯೋಧನೊಬ್ಬನನ್ನು ಹೊಗಳುವುದು ಆ ಯೋಧನಿಗೇ ತಕ್ಕುದಲ್ಲ.

ಸಿಖ್ಖರ ಖಾಲ್ಸಾ ಪಂಥಕ್ಕೆ ಮೊದಲು ದೀಕ್ಷೆ ಪಡೆದ ಐವರಾದ ಪಂಚ ಪ್ಯಾರೇಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಗುರು ನಾನಕರ ಹೆಸರಿನ ಝರಾ ಇಂದಿಗೂ ಅಲ್ಲಿ ಹರಿಯುತ್ತಿದೆ. 1699ರಲ್ಲಿ ಬೀದರಿನವರೊಬ್ಬರು ಪಂಜಾಬಿನ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರ ಕರೆಗೆ ತಲೆ ಕೊಡಲು ಎದ್ದು ನಿಂತರು. ಎರಡೂವರೆ ಶತಮಾನ ಕಳೆದು ಪಂಜಾಬಿನವರೊಬ್ಬರು ಬೀದರಿನತ್ತ ಹೋಗುವ ಹಾದಿಯಲ್ಲಿ ಪ್ರಾಣ ಬಿಟ್ಟರು.

ಈ ತಿಂಗಳ ನಮ್ಮ ಸಂಘದ ಕಾರ್ಯಕ್ರಮದಲ್ಲಿ ಧ್ವಜವಂದನೆಯಾದ ಬಳಿಕ ಬಚಿತ್ತರ್ ಸಿಂಗ್ ಅವರ ಸಾಹಸದ ವಿವರವನ್ನು ಕನ್ನಡದಲ್ಲಿ ಓದಲಿದ್ದೇವೆ. ಈ ಊರಿನ ಗುರುದ್ವಾರದ ಹಿರಿಯರನ್ನೂ ಕರೆದಿದ್ದೇವೆ. ಸದಸ್ಯರಲ್ಲಿ ಒಂದು ಕೋರಿಕೆ: ನಿಮ್ಮ ಮನೆಗಳಲ್ಲಿ, ಊರುಗಳಲ್ಲಿ ಆ ವರ್ಷವನ್ನು ಕಣ್ಣಾರೆ ಕಂಡವರು ಇನ್ನೂ ಇದ್ದರೆ ಈ ವಾರವೇ ಫೋನ್ ಮಾಡಿ, ಸೇನೆ ತಮ್ಮೂರಿನ ಮೇಲೆ ಹಾದುಹೋದ ದಿನ ಏನು ಕಂಡರೆಂದು ಕೇಳಿ, ಅವರ ಮಾತಿನಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕಾಗಿ ಪುಟಗಳನ್ನು ಕಾಯ್ದಿರಿಸಿದ್ದೇವೆ.