ಶೇ 3.2 ನೋಡಿ ಬೀಗುವ ಮುನ್ನ: ಕೇಂದ್ರ ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆಯಾದ ಪಿಎಲ್‌ಎಫ್‌ಎಸ್‌ನ 2023–24ರ ವರದಿಯ ಪ್ರಕಾರ ಭಾರತದಲ್ಲಿ ಮಹಿಳೆಯರ ನಿರುದ್ಯೋಗ ದರ ಶೇ 3.2. ದಕ್ಷಿಣ ಆಫ್ರಿಕಾದಲ್ಲಿ ಅದು ಶೇ 30ಕ್ಕಿಂತ ಮೇಲಿದೆ, ಜೋರ್ಡಾನ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಇವನ್ನು ಅಕ್ಕಪಕ್ಕ ಇಟ್ಟು ನಾವೇ ಮುಂದೆ ಎನ್ನುವುದಾದರೆ, ನೈಜರ್ ನಮಗಿಂತಲೂ ಮುಂದಿದೆ ಎಂದು ಒಪ್ಪಬೇಕಾಗುತ್ತದೆ. ಜಗತ್ತಿನ ಕಡುಬಡ ದೇಶಗಳಲ್ಲೊಂದಾದ ಅಲ್ಲಿ ಈ ದರ ತೀರಾ ಕಡಿಮೆ!

ನಿರುದ್ಯೋಗಿ ಎನ್ನಿಸಿಕೊಳ್ಳಲು ಕೆಲಸ ಇಲ್ಲದಿದ್ದರೆ ಸಾಲದು, ಹುಡುಕುತ್ತಲೂ ಇರಬೇಕು. ನಿರುದ್ಯೋಗ ಭತ್ಯೆಯೇ ಇಲ್ಲದ ಕಡೆ ತಿಂಗಳುಗಟ್ಟಲೆ ಹುಡುಕುತ್ತಾ ಕೂರುವುದು ಯಾರ ಕೈಲಾಗುತ್ತದೆ? ಸಿಕ್ಕಿದ್ದನ್ನು ಮಾಡುತ್ತಾರೆ, ಇಲ್ಲವೇ ಹುಡುಕುವುದನ್ನೇ ಬಿಡುತ್ತಾರೆ. ಬಿಟ್ಟವರು ಲೆಕ್ಕಕ್ಕೇ ಇಲ್ಲ. ಜೋರ್ಡಾನ್‌ನಲ್ಲಿ ನೂರು ಹೆಂಗಸರಲ್ಲಿ ಉದ್ಯೋಗದಲ್ಲಿರುವವರು, ಹುಡುಕುತ್ತಿರುವವರು ಎಲ್ಲ ಸೇರಿ ಸುಮಾರು 15 ಮಂದಿ. ನಿರುದ್ಯೋಗ ದರ ಹೇಳುವುದು ಅಷ್ಟು ಜನರ ಕಥೆಯನ್ನು ಮಾತ್ರ. ಮಿಕ್ಕ 85 ಮಂದಿಯ ಬಗ್ಗೆ ಅದಕ್ಕೆ ಮಾತೇ ಇಲ್ಲ. ದಕ್ಷಿಣ ಆಫ್ರಿಕಾವಾದರೂ ಹುಡುಕಿ ಸೋತು ಕೈಚೆಲ್ಲಿದವರನ್ನೂ ಸೇರಿಸಿದ ಇನ್ನೊಂದು ದರವನ್ನು ಪ್ರತಿ ತ್ರೈಮಾಸಿಕದಲ್ಲೂ ಪ್ರಕಟಿಸುತ್ತದೆ. ತನ್ನ ಹೆಸರು ಕೆಡಿಸುವ ಅಂಕಿಯನ್ನೂ ಮುಚ್ಚಿಡದ ಆ ದೇಶದ ಮೇಲೆ ನನಗೆ ಗೌರವವಿದೆ.

ನಮ್ಮಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆ, ಅಂದರೆ ಉದ್ಯೋಗದಲ್ಲಿರುವ ಇಲ್ಲವೇ ಕೆಲಸ ಹುಡುಕುತ್ತಿರುವ ಮಹಿಳೆಯರ ಪ್ರಮಾಣ, 2017–18ರ ಶೇ 23.3ರಿಂದ 2023–24ಕ್ಕೆ ಶೇ 41.7ಕ್ಕೆ ಏರಿದೆ. ಒಳ್ಳೆಯದೇ. ಆದರೆ ದುಡಿಯುವವರೆಂದು ಎಣಿಸಿದ ಮಹಿಳೆಯರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ಕೈಜೋಡಿಸುವವರು. ಅವರ ದುಡಿಮೆ ದುಡಿಮೆಯೇ, ಲೆಕ್ಕಕ್ಕೆ ಸೇರಲಿ. ಅದನ್ನು ಉದ್ಯೋಗ ಸೃಷ್ಟಿಯ ಸಾಧನೆಯೆಂದು ಭಾಷಣದಲ್ಲಿ ಹೇಳಿಕೊಳ್ಳುವುದಕ್ಕೆ ಮಾತ್ರ ನನ್ನ ತಕರಾರು.

ವ್ಯಾಖ್ಯೆ ಬದಲಾದರೂ ಅಂಕಿ ಬದಲಾಗುತ್ತದೆ. ಮನೆಬಳಕೆಗಷ್ಟೇ ಬೆಳೆದುಕೊಳ್ಳುವುದನ್ನು ಉದ್ಯೋಗವೆಂದು ಎಣಿಸಬಾರದು ಎಂದು 2013ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಬದಲಾಯಿತು. ರುವಾಂಡ ಅದನ್ನು ಅಳವಡಿಸಿಕೊಂಡಾಗ ಅಲ್ಲಿನ ನಿರುದ್ಯೋಗ ದರ ಎರಡಂಕಿಗೆ ಜಿಗಿಯಿತು. ಹಳೆಯ ಅಳತೆಯ ದೇಶವನ್ನು ಹೊಸ ಅಳತೆಯ ದೇಶದೊಂದಿಗೆ ಹೋಲಿಸಿ ಏನು ಪ್ರಯೋಜನ?

ಹೋಲಿಸಲೇಬೇಕೆಂದರೆ ಬೇರೆ ದಾರಿಯಿದೆ. ಕೆಲಸ ಬೇಕು, ಆದರೆ ಸಿಕ್ಕಿಲ್ಲ ಎನ್ನುವವರನ್ನೆಲ್ಲ ಎಣಿಸಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲಿ ಕೊಟ್ಟ ಲೆಕ್ಕದಲ್ಲಿ, ಕಡಿಮೆ ಆದಾಯದ ದೇಶಗಳಲ್ಲಿ ಇಂಥವರ ದರ ಮಹಿಳೆಯರಲ್ಲಿ ಶೇ 24.9, ಪುರುಷರಲ್ಲಿ ಶೇ 16.6.

ಸಮೀಕ್ಷೆ ನಡೆಸುವುದು ಅಂಕಿಅಂಶ ಸಚಿವಾಲಯ, ಗೊತ್ತು. ಹೇಳಿಕೆ ಕೊಡುವವರು ನೀವು. ಇನ್ನು ಮುಂದೆ ನಿಮ್ಮ ಇಲಾಖೆ ನಿರುದ್ಯೋಗ ದರ ಹೇಳುವಾಗಲೆಲ್ಲ ಪಾಲ್ಗೊಳ್ಳುವಿಕೆಯ ದರ, ಸಂಬಳವಿಲ್ಲದೆ ದುಡಿಯುವವರ ಪಾಲು, ಕೆಲಸ ಬಯಸಿಯೂ ಹುಡುಕದವರ ಸಂಖ್ಯೆ ಈ ಮೂರನ್ನೂ ಅದೇ ಪುಟದಲ್ಲಿ ಕೊಡಲಿ. ಮುಂದಿನ ವರದಿಯಿಂದಲೇ ಶುರುವಾಗಲಿ.

ಇತಿ,
ಒಬ್ಬ ನಾಗರಿಕ