ಚಾರ್ಜರ್ ಅಲ್ಲೇ ಕೊಳ್ಳಿ, ಕೇಬಲ್ ನಾನು ಕಳಿಸುತ್ತೇನೆ

ಬರ್ಲಿನ್
26 ಅಕ್ಟೋಬರ್ 2025

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಾನಿಲ್ಲಿ ಕ್ಷೇಮ. ಅಮ್ಮ, ಭಾವನವರು, ಪುಟ್ಟ ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ದೀಪಾವಳಿ ಚೆನ್ನಾಗಿ ಆಯಿತಾ?

ಮನೆಯಲ್ಲಿರುವ ಎಲ್ಲದಕ್ಕೂ ಆಗುವಂಥ ಒಂದು ಒಳ್ಳೇ ಜರ್ಮನ್ ಚಾರ್ಜರ್ ಕಳಿಸು ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಅಂತ ಬರೆಯುತ್ತಿದ್ದೇನೆ. ಇಲ್ಲಿಂದ ಚಾರ್ಜರ್ ಬೇಡ, ಅದನ್ನು ಹಾಸನದಲ್ಲೇ ಕೊಳ್ಳಿ. ಕೇಬಲ್ ಮಾತ್ರ ನಾನು ಕಳಿಸುತ್ತೇನೆ.

ತೊಂದರೆ ಇರುವುದು ಪಿನ್ನಿನಲ್ಲಿ. ಕರೆಂಟು ಇಲ್ಲೂ 230 ವೋಲ್ಟ್, 50 ಹರ್ಟ್ಸ್, ನಮ್ಮ ಹಾಗೇ. ಆದರೆ ಇಲ್ಲಿನ ಚಾರ್ಜರಿನ ಎರಡು ಪಿನ್ನು 4 ಮಿಲಿಮೀಟರ್ ದಪ್ಪ, ನಮ್ಮ 6 ಆಂಪ್ ಸಾಕೆಟ್ಟಿನ ತೂತು 5 ಮಿಲಿಮೀಟರ್ ಪಿನ್ನಿನ ಅಳತೆಯದು. ಕೆಲವು ಹೊಸ ಬೋರ್ಡುಗಳಲ್ಲಿ ಎರಡೂ ಕೂರುತ್ತವೆ. ನಮ್ಮ ಹಜಾರದಂಥ ಹಳೇ ಬೋರ್ಡಿನಲ್ಲಿ ಸಡಿಲವಾಗಿ ಜೋತುಬೀಳುತ್ತದೆ. ಫೋನು ಐದು ನಿಮಿಷ ಚಾರ್ಜ್ ಆಗಿ ನಿಲ್ಲುವುದು, ಕಿವಿ ಹತ್ತಿರ ಇಟ್ಟರೆ ಚಿಟಪಟ ಕೇಳುವುದು, ಸಾಕೆಟ್ಟಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುವುದು, ಎಲ್ಲಕ್ಕೂ ಈ ಲೂಸ್ ಕಾಂಟ್ಯಾಕ್ಟೇ ಕಾರಣ. ನಡುವೆ ಅಡಾಪ್ಟರ್ ಹಾಕಿದರೆ ಸಡಿಲಾಗುವ ಜಾಗ ಇನ್ನೊಂದು ಹೆಚ್ಚಾಗುತ್ತದೆ, ಅಷ್ಟೇ.

ಭಾವನವರಿಗೆ ಹೇಳು: 65 ವ್ಯಾಟಿನದು, ಎರಡು ಟೈಪ್ ಸಿ ತೂತು, ಒಂದು ಹಳೇ ಅಗಲದ ಯುಎಸ್‌ಬಿ ತೂತು ಇರುವ ಚಾರ್ಜರ್ ತೆಗೆದುಕೊಳ್ಳಿ. ಪೆಟ್ಟಿಗೆಯ ಮುಂದಿನ ದೊಡ್ಡ ಅಕ್ಷರ ಬಿಟ್ಟು, ಚಾರ್ಜರಿನ ಹೊಟ್ಟೆಯ ಮೇಲಿನ ಸಣ್ಣ ಅಕ್ಷರ ಓದಬೇಕು. ಔಟ್‌ಪುಟ್ ಅನ್ನುವ ಕಡೆ 5 ವೋಲ್ಟ್ 3 ಆಂಪ್, 9 ವೋಲ್ಟ್ 3 ಆಂಪ್, 15 ವೋಲ್ಟ್ 3 ಆಂಪ್, 20 ವೋಲ್ಟ್ 3.25 ಆಂಪ್ ಅಂತ ಸಾಲಾಗಿ ಇರಬೇಕು. ವೋಲ್ಟನ್ನು ಆಂಪಿನಿಂದ ಗುಣಿಸಿದರೆ ವ್ಯಾಟು. ಕೊನೆಯದು 20 ಗುಣಿಸು 3.25, ಅಂದರೆ 65. ಅದರ ಕೆಳಗೆ ಪಿಪಿಎಸ್ ಅಂತ ಇನ್ನೊಂದು ಸಾಲು ಇದ್ದರೆ ಮಾತ್ರ ನಿನ್ನ ಸ್ಯಾಮ್‌ಸಂಗ್ ಪರದೆಯ ಮೇಲೆ ‘ಸೂಪರ್ ಫಾಸ್ಟ್ ಚಾರ್ಜಿಂಗ್’ ಬರುತ್ತದೆ. ಇಲ್ಲದಿದ್ದರೆ ಬರೀ ‘ಫಾಸ್ಟ್’. ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಗುರುತು ನೋಡಿ: ಐಎಸ್ 13252, ಜೊತೆಗೆ ಆರ್ ಅಕ್ಷರದ ನಂತರ ಎಂಟು ಅಂಕಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಯಾವ ಕಾರ್ಖಾನೆಯ ಯಾವ ವಸ್ತುವಿಗೆ ಕೊಟ್ಟಿದ್ದು ಅಂತ ಅಂಗಡಿಯಲ್ಲೇ ಗೊತ್ತಾಗುತ್ತದೆ. ಬೇರೆ ಯಾರದೋ ಹೆಸರು ಬಂದರೆ ವಾಪಸ್ಸು ಕೊಟ್ಟುಬಿಡಿ.

65 ವ್ಯಾಟಿನದು ಹಾಕಿದರೆ ಫೋನು ಸುಟ್ಟುಹೋಗುತ್ತದೆ ಅನ್ನುವುದು ಅಮ್ಮನ ಭಯ. ಹಾಗಾಗುವುದಿಲ್ಲ. ಮದುವೆಮನೆ ಪಂಕ್ತಿಯಲ್ಲಿ ಬಡಿಸುವವರು ತಂದದ್ದನ್ನೆಲ್ಲ ಎಲೆಗೆ ಸುರಿಯುತ್ತಾರಾ? ಇಂಥದ್ದಿದೆ, ಹಾಕಲಾ ಅಂತ ಕೇಳುತ್ತಾರೆ, ಕೂತವರು ಬೇಕಾದಷ್ಟು ಹಾಕಿಸಿಕೊಳ್ಳುತ್ತಾರೆ. ಇದೂ ಹಾಗೇ. ಕೇಬಲ್ ಸಿಕ್ಕಿಸಿದ ಕೂಡಲೇ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಟ್ಟು, ನನ್ನ ಹತ್ತಿರ ಇವಿಷ್ಟಿವೆ ಅಂತ ಪಟ್ಟಿ ಕಳಿಸುತ್ತದೆ. ಫೋನು 9 ವೋಲ್ಟ್ ಸಾಕು ಅನ್ನುತ್ತದೆ, ಲ್ಯಾಪ್‌ಟಾಪು 20 ಕೇಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾತುಕತೆ ಮುಗಿದಿರುತ್ತದೆ. ಇಷ್ಟು ವರ್ಷ ಗ್ಯಾಜೆಟ್ ಹಿಂದೆ ಬಿದ್ದವನಿಗೆ ಇವತ್ತಿಗೂ ಯಾವ ಕ್ಯಾಮೆರಾಗಿಂತ ಈ ಮಾತುಕತೆಯೇ ಹೆಚ್ಚು ಇಷ್ಟ.

ಒಂದು ವಿಷಯ ಗೊತ್ತಿರಲಿ. ಪುಟ್ಟನ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿರುವಾಗ ಎರಡನೇ ತೂತಿಗೆ ನಿನ್ನ ಫೋನು ಹಾಕಿದರೆ, ಎರಡೂ ಒಂದು ಕ್ಷಣ ಚಾರ್ಜಿಂಗ್ ಬಿಟ್ಟು ಮತ್ತೆ ಹಿಡಿಯುತ್ತವೆ. ಕೆಟ್ಟಿದೆ ಅಂತ ಅಂಗಡಿಗೆ ಒಯ್ಯಬೇಡಿ. 65ನ್ನು ಈಗ ಇಬ್ಬರಿಗೆ ಹಂಚಬೇಕು, ಅದಕ್ಕೆ ಮಾತುಕತೆ ಮೊದಲಿಂದ ಶುರುವಾಗಿರುತ್ತದೆ. ಹಂಚಿಕೆ ಹೆಚ್ಚಾಗಿ 45 ಮತ್ತು 20, ಅದನ್ನೂ ಆ ಸಣ್ಣ ಅಕ್ಷರದಲ್ಲೇ ಬರೆದಿರುತ್ತಾರೆ.

ಇನ್ನು ಭಾವನವರ ಫೋನಿನ ವಿಷಯ. ಬಿಡುಗಡೆಯ ವೇದಿಕೆಯ ಮೇಲೆ 80 ವ್ಯಾಟ್ ಅಂತ ಘೋಷಿಸುವ ಇಂಥ ಫೋನುಗಳಲ್ಲಿ ಹಲವಕ್ಕೆ ಆ ವೇಗ ಸಿಗುವುದು ಅದೇ ಕಂಪನಿಯ ಚಾರ್ಜರ್, ಅದೇ ಕಂಪನಿಯ ಕೇಬಲ್ ಎರಡೂ ಇದ್ದಾಗ. ಬೇರೆ ಚಾರ್ಜರಿನಲ್ಲಿ ಚಾರ್ಜ್ ಆಗುತ್ತದೆ, ಆದರೆ ಬಹಳ ನಿಧಾನ. ಆದ್ದರಿಂದ ಅವರ ಪೆಟ್ಟಿಗೆಯ ಚಾರ್ಜರು, ಕೇಬಲ್ಲು ಅವರದೇ ಆಗಿರಲಿ, ಬೇರೆಯದರ ಜೊತೆ ಬೆರೆಸಬೇಡಿ. ಸೆಪ್ಟೆಂಬರ್ ಬಂತೆಂದರೆ ನನಗಂತೂ ಹಬ್ಬ. ಈ ಊರಿನಲ್ಲಿ 1924ರಲ್ಲಿ ಶುರುವಾದ ಐಎಫ್‌ಎ ಎಲೆಕ್ಟ್ರಾನಿಕ್ಸ್ ಮೇಳ ಇರುತ್ತದೆ, ಅದರ ಬೆನ್ನಿಗೇ ಐಫೋನು. ಆದರೆ ಒಂದು ಬಿಡುಗಡೆಯಲ್ಲಾದರೂ ‘ಈ ವೇಗಕ್ಕೆ ಇಂಥ ಕೇಬಲ್ಲೇ ಬೇಕು’ ಅನ್ನುವುದನ್ನು ದೊಡ್ಡ ಪರದೆಯ ಮೇಲೆ ತೋರಿಸಲಿ ಅಂತ ನನಗೆ ಆಸೆ.

ಏಕೆಂದರೆ ಆಕಾರ ಒಂದೇ ಆದ ಮಾತ್ರಕ್ಕೆ ಕೇಬಲ್ ಒಂದೇ ಆಗುವುದಿಲ್ಲ. ಆಪಲ್ 2012ರ ಸೆಪ್ಟೆಂಬರ್ 12ರಂದು ಲೈಟ್ನಿಂಗ್ ಪಿನ್ ತಂದಿತು, ಮುಂದಿನ ಹತ್ತು ವರ್ಷಕ್ಕೆ ಇದು ಅಂದಿತು. ಸರಿಯಾಗಿ ಹನ್ನೊಂದು ವರ್ಷಕ್ಕೆ, 2023ರ ಸೆಪ್ಟೆಂಬರ್ 12ರಂದೇ, ಐಫೋನ್ 15ರಲ್ಲಿ ಟೈಪ್ ಸಿ ಬಂತು. ಯುರೋಪಿನ ಕಾನೂನು ಬಾಗಿಲಲ್ಲಿ ನಿಂತಿತ್ತು: 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬ್ಲೆಟ್, ಕ್ಯಾಮೆರಾ, ಇಯರ್‌ಬಡ್ಸ್ ಎಲ್ಲಕ್ಕೂ ಇಲ್ಲಿ ಟೈಪ್ ಸಿ ಕಡ್ಡಾಯ, ಬರುವ ವರ್ಷ ಏಪ್ರಿಲ್ 28ರಿಂದ ಲ್ಯಾಪ್‌ಟಾಪಿಗೂ. ಈ ತಿಂಗಳು ಬಂದ ಎಂ5 ಮ್ಯಾಕ್‌ಬುಕ್ ಪ್ರೊ ಪೆಟ್ಟಿಗೆಯಲ್ಲಿ ಇಲ್ಲಿಯವರಿಗೆ ಚಾರ್ಜರೇ ಇಲ್ಲ. ಆದರೆ ಅದೇ ಐಫೋನ್ 15 ಪ್ರೊ ನೋಡು. ಫೋನು ಸೆಕೆಂಡಿಗೆ 10 ಗಿಗಾಬಿಟ್ ಕಳಿಸಬಲ್ಲದು, ಪೆಟ್ಟಿಗೆಯಲ್ಲಿ ಕೊಟ್ಟ ಕೇಬಲ್ 480 ಮೆಗಾಬಿಟ್ಟಿನದು. 50 ಜಿಬಿ ಮದುವೆ ವಿಡಿಯೋ ಲ್ಯಾಪ್‌ಟಾಪಿಗೆ ಹಾಕಲು ಆ ಕೇಬಲ್ಲಿನಲ್ಲಿ ಇಪ್ಪತ್ತು ನಿಮಿಷ ಮೇಲೇ ಹಿಡಿಯುತ್ತದೆ. ತಕ್ಕ ಕೇಬಲ್ ಇದ್ದರೆ ಕಾಫಿ ಸೋಸುವಷ್ಟರಲ್ಲಿ ಮುಗಿಯುತ್ತದೆ.

ಚಾರ್ಜಿಂಗಿಗೂ ಹೀಗೇ. ಸಾಮಾನ್ಯ ಸಿ ಟು ಸಿ ಕೇಬಲ್ 3 ಆಂಪ್, 60 ವ್ಯಾಟಿನವರೆಗೆ ತಡೆಯುತ್ತದೆ. 5 ಆಂಪಿನ ಕೇಬಲ್ಲಿನ ತಲೆಯೊಳಗೆ ಒಂದು ಚಿಪ್ಪು ಕೂತಿರುತ್ತದೆ, ‘ನಾನು 5 ಆಂಪ್ ಹೊರಬಲ್ಲೆ’ ಅಂತ ಅದು ಹೇಳಿದ ಮೇಲೆಯೇ ಚಾರ್ಜರ್ 3 ಆಂಪ್ ದಾಟುತ್ತದೆ. ಅದಕ್ಕೇ 45 ವ್ಯಾಟಿನ ಸ್ಯಾಮ್‌ಸಂಗಿಗೂ 5 ಆಂಪಿನ ಕೇಬಲ್ ಬೇಕು, 10 ವೋಲ್ಟಿನಲ್ಲಿ ಅದು 4.5 ಆಂಪ್ ಎಳೆಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳುವಾಗ ಬಟ್ಟೆ ಹೆಣೆದದ್ದು, ದಪ್ಪವಾದದ್ದು ಅಂತ ನೋಡಿ ಮೋಸ ಹೋಗಬೇಡಿ. ತಲೆಯ ಮೇಲೆ 60, 100 ಅಥವಾ 240 ವ್ಯಾಟ್ ಅಂತ ಅಚ್ಚಾಗಿದೆಯಾ ನೋಡಿ.

ಹಳೇ ಚಾರ್ಜರುಗಳನ್ನು ಮಾತ್ರ ಎಸೆಯಬೇಡ ಅಕ್ಕ. ಅಮ್ಮನ ಸೊಳ್ಳೆ ಬ್ಯಾಟು, ಕರೆಂಟು ಹೋದಾಗ ಹಚ್ಚುವ ಟಾರ್ಚು, ಭಾವನವರ ಟ್ರಿಮ್ಮರು, ಇಂಥವಕ್ಕೂ ಈಗ ಸಿ ತೂತೇ. ಆದರೆ ಹೊಸ ಚಾರ್ಜರಿಗೆ ಸಿ ಟು ಸಿ ಕೇಬಲ್ ಹಾಕಿದರೆ ಎಷ್ಟೋ ಸಲ ದೀಪವೇ ಹೊತ್ತುವುದಿಲ್ಲ. ಟಾರ್ಚೂ ಕೆಟ್ಟಿಲ್ಲ, ಚಾರ್ಜರೂ ಕೆಟ್ಟಿಲ್ಲ. ಸಿ ತೂತಿನ ಚಾರ್ಜರ್ ಸುಮ್ಮನಿದ್ದಾಗ ಸೊನ್ನೆ ವೋಲ್ಟ್ ಇಟ್ಟುಕೊಂಡಿರುತ್ತದೆ. ಆಚೆ ತುದಿಯಲ್ಲಿ 5.1 ಕಿಲೋಓಮ್‌ನ ಒಂದು ರೆಸಿಸ್ಟರ್ ಕಂಡರೆ ಮಾತ್ರ ಯಾರೋ ಬಂದಿದ್ದಾರೆ ಅಂತ ಕರೆಂಟು ಬಿಡುತ್ತದೆ. ಅಗ್ಗದ ಸಾಮಾನು ಮಾಡುವವರು ಸಾಸಿವೆ ಕಾಳಿನಷ್ಟು ಚಿಕ್ಕದಾದ, ಪೈಸೆಗಳಲ್ಲಿ ಸಿಗುವ ಆ ರೆಸಿಸ್ಟರನ್ನೇ ಬಿಟ್ಟಿರುತ್ತಾರೆ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಂಥದ್ದಕ್ಕೆ. ಹಳೇ ಅಗಲದ ತೂತಿನಲ್ಲಿ ಯಾವಾಗಲೂ 5 ವೋಲ್ಟ್ ಇದ್ದೇ ಇರುತ್ತದೆ, ಹಾಗಾಗಿ ಹಳೇ ಚಾರ್ಜರು, ಎ ಟು ಸಿ ಕೇಬಲ್ಲು (ಒಂದು ತುದಿ ಹಳೇ ಅಗಲದ್ದು, ಇನ್ನೊಂದು ಸಿ) ಹಾಕಿದರೆ ಇವೆಲ್ಲ ಚಾರ್ಜ್ ಆಗುತ್ತವೆ. ಹೊಸದರಲ್ಲೂ ಒಂದು ಅಗಲದ ತೂತು ಇರಲಿ ಅಂದದ್ದು ಇದಕ್ಕೇ.

ಫೋನಿನಲ್ಲಿ ಕೇಬಲ್ ಗಟ್ಟಿಯಾಗಿ ಕೂರುತ್ತಿಲ್ಲ ಅಂದಿದ್ದೆ. ತೂತು ಸವೆದಿಲ್ಲ, ಸವೆಯುವ ಸ್ಪ್ರಿಂಗುಗಳನ್ನು ಬೇಕೆಂದೇ ಕೇಬಲ್ಲಿನ ಕಡೆ ಇಟ್ಟಿದ್ದಾರೆ. ಜೇಬಿನ ನೂಲಿನ ಧೂಳು ತಳದಲ್ಲಿ ಒತ್ತಿಕೊಂಡಿರುತ್ತದೆ. ಫೋನು ಆಫ್ ಮಾಡಿ, ಒಣಗಿದ ಮರದ ಹಲ್ಲುಕಡ್ಡಿಯಿಂದ ನಡುವಿನ ನಾಲಿಗೆ ತಾಗದಂತೆ ಬದಿಯಿಂದ ಮೆಲ್ಲಗೆ ಎಳೆದರೆ ಉಂಡೆಯಾಗಿ ಬರುತ್ತದೆ. ಪಿನ್ನು, ಸೂಜಿ ಹಾಕಬೇಡಿ. ಬಾಯಿಂದ ಊದಿದರೆ ಉಗುಳಿನ ತೇವ ಒಳಗೆ ಹೋಗುತ್ತದೆ.

ಪುಟ್ಟನ ಫೋನೂ ಅಲ್ಲೇ ಕೊಳ್ಳಲಿ. ಅಮೆರಿಕದಿಂದ ಯಾರಾದರೂ ತರುತ್ತೇನೆಂದರೆ, ಅಲ್ಲಿನ ಐಫೋನುಗಳಲ್ಲಿ 2022ರ ಐಫೋನ್ 14ರಿಂದೀಚೆಗೆ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಇಲ್ಲಿಂದ ತಂದರೆ ಕೆಲವು ಮಾದರಿಗಳ ಬ್ಯಾಟರಿಯೇ ಚಿಕ್ಕದು: ನಥಿಂಗ್ ಫೋನ್ 3 ಇಲ್ಲಿ 5150 ಎಂಎಎಚ್, ನಮ್ಮಲ್ಲಿ 5500. ಆದರೆ ಆರಿಸುವ ಮೊದಲು ಒಂದು ಕೆಲಸ ಮಾಡಲಿ. ಈ ಜೂನ್ 20ರಿಂದ ಇಲ್ಲಿ ಮಾರುವ ಹೊಸ ಫೋನಿಗೆ, ನಮ್ಮ ಫ್ರಿಜ್ಜಿನ ಸ್ಟಾರ್ ಚೀಟಿಯ ಹಾಗೆ, ಒಂದು ಚೀಟಿ ಕಡ್ಡಾಯ. ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಎಷ್ಟು ಸಲ ಚಾರ್ಜ್ ಮಾಡಿದರೂ ಅದರ ಶಕ್ತಿ ನೂರಕ್ಕೆ 80 ಭಾಗ ಉಳಿಯುತ್ತದೆ, ಬಿದ್ದರೆ ತಡೆಯುವುದರಲ್ಲಿ ಯಾವ ದರ್ಜೆ, ರಿಪೇರಿಯಲ್ಲಿ ಯಾವ ದರ್ಜೆ, ಎಲ್ಲ ಅದರಲ್ಲಿದೆ. ಕಡಿಮೆ ಅಂದರೂ 800 ಸಲ ಬರಲೇಬೇಕು. ಎಪ್ರೆಲ್ ಅನ್ನುವ ಯುರೋಪಿನ ತಾಣದಲ್ಲಿ ಮಾದರಿಯ ಹೆಸರು ಹಾಕಿ ಹುಡುಕಿದರೆ ಅಲ್ಲಿಂದಲೇ ಓದಬಹುದು. ಬ್ಯಾಟರಿ ಬೇರೆಯಿದ್ದರೆ ಗಂಟೆಯ ಲೆಕ್ಕ ಬಿಟ್ಟು ಬೀಳುವ ದರ್ಜೆ, ರಿಪೇರಿ ದರ್ಜೆ ನೋಡಲಿ.

ಡಿಸೆಂಬರಿನಲ್ಲಿ ಊರಿಗೆ ಬರುವ ಸ್ನೇಹಿತನ ಕೈಲಿ ನಾಲ್ಕು ಕೇಬಲ್ ಕಳಿಸುತ್ತೇನೆ. ಕೆಂಪು ದಾರ ಕಟ್ಟಿದ್ದು 5 ಆಂಪಿನದು, ಪುಟ್ಟನ ಲ್ಯಾಪ್‌ಟಾಪಿಗೆ. ಹಸಿರು ದಾರದ ಎರಡು 60 ವ್ಯಾಟಿನವು, ಫೋನುಗಳಿಗೆ. ದಾರ ಇಲ್ಲದ್ದು ಎ ಟು ಸಿ, ಅದನ್ನು ಹಳೇ ಚಾರ್ಜರಿಗೆ ಸಿಕ್ಕಿಸಿ ಅಮ್ಮನ ಬ್ಯಾಟಿನ ಪಕ್ಕದಲ್ಲೇ ಇಟ್ಟುಬಿಡು. ಚಾರ್ಜರ್ ಕೊಂಡ ದಿನ ಅದರ ಹೊಟ್ಟೆಯ ಫೋಟೋ ತೆಗೆದು ನನಗೆ ಕಳಿಸು, ನಾನೂ ಓದುತ್ತೇನೆ.

ಅಮ್ಮನಿಗೆ, ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಪುಟ್ಟನಿಗೆ ಆಶೀರ್ವಾದ.

ಇಂತಿ
ನಿನ್ನ ತಮ್ಮ